ಚರ್ಚಿನ ಮಾಡಿಗೆ ಒರಲೆ ಹಿಡಿದಿದೆ. ಪ್ರಾರ್ಥನೆ ಮೊದಲೋ, ಆಚಾರಿ ಮೊದಲೋ?

ಕರಾವಳಿ ಕಾರ್ಯದರ್ಶಿ · ಏಪ್ರಿಲ್ 9

ಎಲ್ಲರಿಗೂ ವಂದನೆ. ನಮ್ಮದು ಉಡುಪಿ ಕಡೆಯ ಒಂದು ಹಳೇ ಸಭೆ. ಊರಿನ ಹೆಸರು ಬೇಡ, ಹೇಳಿದರೆ ನಾಳೆ ಬೆಳಿಗ್ಗೆಯೇ ಯಾರಾದರೂ ಮನೆಗೆ ಬಂದು ಕೂತುಬಿಡುತ್ತಾರೆ. ಅರುವತ್ತೆಂಟು ಕುಟುಂಬ. ಅದರಲ್ಲಿ ಅರ್ಧ ಬೆಂಗಳೂರು, ಮುಂಬೈ, ಗಲ್ಫ್ ಅಂತ ಹಂಚಿಹೋಗಿದೆ. ನಾನು ಕಮಿಟಿಯ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಸಹಕಾರಿ ಸಂಘದಲ್ಲಿ ಕ್ಲರ್ಕು.

ಕಳೆದ ತಿಂಗಳು ಆರಾಧನೆಯ ಮಧ್ಯೆ ಮೇಲಿನಿಂದ ಮರದ ಹುಡಿ ಉದುರಿ ಮುಂದಿನ ಬೆಂಚಿನವರ ಗೀತೆ ಪುಸ್ತಕದ ಮೇಲೆ ಬಿತ್ತು. ಮರುದಿನ ಮರಗೆಲಸದ ಆಚಾರಿಯನ್ನು ಕರೆಸಿದೆ. ಅವರು ಏಣಿ ಹತ್ತಿ ಒಂದು ಪಕ್ಕಾಸಿಗೆ, ಅಂದರೆ ಹಂಚು ಹೊರುವ ಓರೆ ಮರಕ್ಕೆ, ಉಳಿ ಒತ್ತಿದರು. ಕಡುಬಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಹನ್ನೊಂದು ಪಕ್ಕಾಸಿಗೆ ಒರಲೆ, ಅಂದರೆ ಗೆದ್ದಲು, ಹಿಡಿದಿದೆ. "ಈ ಮಳೆಗಾಲ ದಾಟಿದರೆ ನಿಮ್ಮ ಪುಣ್ಯ" ಅಂದರು. ಖರ್ಚು ಸುಮಾರು ಆರು ಲಕ್ಷ. ಕಟ್ಟಡ ನಿಧಿಯಲ್ಲಿ ಇರುವುದು 1,40,000.

ಬ್ಯಾಂಕಿನಿಂದ ಸಾಲ ತೆಗೆದು ಮೇ ತಿಂಗಳಲ್ಲೇ ಕೆಲಸ ಮುಗಿಸೋಣ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ನಮ್ಮಲ್ಲಿ ಎಪ್ಪತ್ತೆಂಟು ವರ್ಷದ ಹಿರಿಯರು ಒಬ್ಬರಿದ್ದಾರೆ. ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯುವುದು. ಅವರು ಎದ್ದು ನಿಂತು "ಅಜ್ಜಂದಿರ ಕಾಲದಿಂದ ಈ ಮಾಡನ್ನು ಹಿಡಿದದ್ದು ದೇವರ ಕೈ, ಆಚಾರಿಯ ಕೈ ಅಲ್ಲ" ಅಂದರು. ಆಮೇಲೆ 127ನೇ ಕೀರ್ತನೆ ಓದಿದರು. ಯೆಹೋವನು ಮನೆ ಕಟ್ಟದಿದ್ದರೆ ಕಟ್ಟುವವರ ಕಷ್ಟ ವ್ಯರ್ಥ ಅಂತ ಬರುತ್ತದಲ್ವಾ, ಅದು. ಮೀಟಿಂಗ್ ಅಲ್ಲಿಗೇ ಮುಗಿಯಿತು. 21 ದಿನ ಒಬ್ಬರಾದ ಮೇಲೆ ಒಬ್ಬರು ಸರಪಳಿ ಪ್ರಾರ್ಥನೆ, ದಾರಿ ಕಾಣುವ ತನಕ ಕೆಲಸಕ್ಕೆ ಕೈ ಹಾಕುವುದು ಬೇಡ ಅಂತ ತೀರ್ಮಾನ. ಹೊರಗೆ ಬರುವಾಗ ಒಬ್ಬರು ನನ್ನ ಬೆನ್ನು ತಟ್ಟಿ "ನಿನಗೆ ಲೆಕ್ಕ ಜಾಸ್ತಿ, ನಂಬಿಕೆ ಕಡಿಮೆ" ಅಂದರು. ತಮಾಷೆಗೇ ಹೇಳಿದ್ದು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನೂ ಪ್ರಾರ್ಥನೆ ಮಾಡುವವನೇ. ದೇವರನ್ನು ನಂಬುವುದು ಎಲ್ಲಿ ಮುಗಿಯುತ್ತದೆ, ನಾವು ಮಾಡಬೇಕಾದ್ದು ಎಲ್ಲಿ ಶುರುವಾಗುತ್ತದೆ? ತಿಳಿದವರು ಹೇಳಿ.

ಧಾರವಾಡ ಮೇಷ್ಟ್ರು · ಏಪ್ರಿಲ್ 9

ಕಾರ್ಯದರ್ಶಿಗಳೇ, ನಿಮ್ಮ ಕಡೆ ಚಾವಣಿಗೆ "ಮಾಡು" ಅಂತಾರೆ. ನಮ್ಮ ಕಡೆ ಮಾಡು ಅಂದರೆ ಕೆಲಸ ಮಾಡು ಅಂತ. ಉತ್ತರ ನಿಮ್ಮ ಪ್ರಶ್ನೆಯೊಳಗೇ ಐತಿ ನೋಡ್ರಿ.

ಚೇಷ್ಟೆ ಇರಲಿ. ಆ ಕೀರ್ತನೆಯನ್ನು ದೊಡ್ಡವರು ಪೂರ್ತಿ ಓದಿದರೇನು? ಕಟ್ಟುವವರು ಮನೆಗೆ ಹೋಗಲಿ ಅಂತ ಅಲ್ಲಿ ಬರೆದಿಲ್ಲ. ಅದೇ ವಚನದ ಎರಡನೆಯ ಅರ್ಧದಲ್ಲಿ ಪಟ್ಟಣ ಕಾಯುವವನ ಮಾತು ಬರುತ್ತದೆ. ಅವನನ್ನೂ ಕೆಲಸದಿಂದ ತೆಗೆದಿಲ್ಲ. ದೇವರಿಲ್ಲದೆ ಕಟ್ಟಿದರೆ ವ್ಯರ್ಥ ಅನ್ನುವುದು ಒಂದು ಮಾತು. ಕಟ್ಟಲೇಬೇಡ ಅನ್ನುವುದು ಬೇರೆ ಮಾತು.

ನಿಮ್ಮ ವಿಷಯಕ್ಕೆ ಸರಿಯಾಗಿ ಕೂಡುವ ಅಧ್ಯಾಯ 2 ಅರಸುಗಳು 12. ಯೋವಾಷ ಅರಸನು ದೇವಾಲಯ ರಿಪೇರಿ ಮಾಡಿಸಿ ಅಂತ ಯಾಜಕರಿಗೆ ಹೇಳಿರುತ್ತಾನೆ. ಅವನ ಆಳಿಕೆಯ 23ನೇ ವರ್ಷ ಬಂದರೂ ಕೆಲಸ ಆಗಿರುವುದಿಲ್ಲ! ಹಣ ಬರುತ್ತಲೇ ಇತ್ತು, ಬಿರುಕು ಹಾಗೇ ಇತ್ತು. ಕೊನೆಗೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಪಕ್ಕ ಇಟ್ಟ. ತುಂಬಿದಾಗ ಎಣಿಸಿ ಬಡಗಿಗಳಿಗೆ, ಕಲ್ಲುಕೆಲಸದವರಿಗೆ ಕೊಟ್ಟರು. ಹುಂಡಿಯ ಇತಿಹಾಸ ಅಷ್ಟು ಹಳೆಯದು. ಆ ಅಧ್ಯಾಯದಲ್ಲಿ ಆಚಾರಿಯನ್ನು ಕರೆದವರಿಗೆ ನಂಬಿಕೆ ಕಡಿಮೆ ಅಂತ ಯಾರೂ ಅಂದಿಲ್ಲ.

ಹೊಸಪೇಟೆ ಸಹೋದರ · ಏಪ್ರಿಲ್ 10

ಪ್ರೈಸ್ ದ ಲಾರ್ಡ್. ಎಲ್ಲರೂ ಸೇರಿ ಆ ಹಿರಿಯರನ್ನು ಮೂಲೆಗೆ ತಳ್ಳುವ ಮೊದಲು ನನ್ನದೊಂದು ಮಾತು.

ಇವತ್ತು ಸಭೆಗಳಲ್ಲಿ ಪ್ರಾರ್ಥನೆ ಎರಡು ನಿಮಿಷ, ಬಜೆಟ್ ಎರಡು ಗಂಟೆ. ಅಂಥದ್ದರಲ್ಲಿ ಒಬ್ಬರು ಎದ್ದು "ಮೊದಲು ಮೊಣಕಾಲೂರೋಣ" ಅಂದರೆ ಅದು ತಪ್ಪಾ? 2 ಪೂರ್ವಕಾಲವೃತ್ತಾಂತ 20 ಓದಿ. ಅರಸ ಯೆಹೋಷಾಫಾಟನು ಸೈನ್ಯದ ಮುಂದೆ ಹಾಡುವವರನ್ನು ಕಳಿಸಿದ. ಯುದ್ಧ ಮಾಡದೆಯೇ ಗೆದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ ಅನಾಥ ಮಕ್ಕಳಿಗಾಗಿ ಐದು ದೊಡ್ಡ ಮನೆ ಕಟ್ಟಿಸಿದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಯಾರ ಮುಂದೆಯೂ ಕೈ ಚಾಚಲಿಲ್ಲ, ಸಾಲ ಮಾಡಲಿಲ್ಲ. ದೇವರ ಹತ್ತಿರ ಮಾತ್ರ ಕೇಳಿದರು.

ನಮ್ಮ ಸಭೆಯೂ ತಗಡಿನ ಶೆಡ್ಡಿನಲ್ಲಿ ಶುರುವಾದದ್ದು. ಒಂದು ರೂಪಾಯಿ ಬಡ್ಡಿ ಕಟ್ಟದೆ ಇವತ್ತು ಗೋಡೆ ಎದ್ದಿದೆ. ಕಾರ್ಯದರ್ಶಿಯವರೇ, ಇಷ್ಟು ಬೇಗ ಬ್ಯಾಂಕಿನ ಬಾಗಿಲಿಗೆ ಯಾಕೆ ಓಡುತ್ತೀರಿ?

ಶಿವಮೊಗ್ಗದ ನರ್ಸ್, ಈಗ ಕುವೈತ್ · ಏಪ್ರಿಲ್ 10

ಡ್ಯೂಟಿ ಮುಗಿಸಿ ಬಂದು ಓದಿದೆ. ಹೊಸಪೇಟೆ ಅಣ್ಣಾ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆದರೆ ನನ್ನ ಮನೆಯ ಕಥೆ ಕೇಳಿ.

ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಆರು ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದವರೇ ಇನ್ಸುಲಿನ್ ನಿಲ್ಲಿಸಿದರು. "ಗುಣವಾಗಿದೆ ಅಂತ ನಂಬಿದ ಮೇಲೆ ಚುಚ್ಚಿಕೊಂಡರೆ ಅದು ಅಪನಂಬಿಕೆ" ಅಂತ ಅಲ್ಲಿ ಯಾರೋ ಹೇಳಿದ್ದರಂತೆ. ನಾನು ಫೋನಿನಲ್ಲಿ ಅತ್ತು ಬೇಡಿಕೊಂಡೆ, ಕೇಳಲಿಲ್ಲ. ಕಾಲಿನ ಒಂದು ಗುಳ್ಳೆ ಹುಣ್ಣಾಯಿತು. ಎರಡು ಬೆರಳು ತೆಗೆಯಬೇಕಾಯಿತು. ಮಾವ ಒಳ್ಳೆಯವರು, ಅವರ ಪ್ರಾರ್ಥನೆ ಸುಳ್ಳಲ್ಲ. ಆದರೆ ನಂಬಿಕೆ ಮಾವನದು, ಎಂಟು ತಿಂಗಳು ಡ್ರೆಸ್ಸಿಂಗ್ ಮಾಡಿದ್ದು ಅತ್ತೆ. ಬಗ್ಗಿ ಬಗ್ಗಿ ಅತ್ತೆಯ ಸೊಂಟ ಹೋಯಿತು. ಯಾವ ಸಾಕ್ಷಿ ಕೂಟದಲ್ಲೂ ಅದನ್ನು ಯಾರೂ ಹೇಳುವುದಿಲ್ಲ.

ಬೈಬಲಿನಲ್ಲಿ ಅರಸ ಹಿಜ್ಕೀಯನು ಸಾಯುವ ಹಾಗಿದ್ದಾಗ ಗೋಡೆ ಕಡೆ ತಿರುಗಿ ಅತ್ತು ಪ್ರಾರ್ಥನೆ ಮಾಡಿದ. ದೇವರು ಕೇಳಿ ಹದಿನೈದು ವರ್ಷ ಕೊಟ್ಟರು. ಆಮೇಲೆ ಪ್ರವಾದಿ ಯೆಶಾಯನು ಏನು ಹೇಳಿದ? ಅಂಜೂರದ ಹಣ್ಣಿನ ಉಂಡೆಯನ್ನು ಹುಣ್ಣಿಗೆ ಕಟ್ಟಿ ಅಂದ. ಮಾತು ಕೊಟ್ಟಾದ ಮೇಲೂ ಪಟ್ಟಿ ಕಟ್ಟಿದರು. ನರ್ಸ್ ಆಗಿ ನನಗೆ ಅದು ತುಂಬಾ ಇಷ್ಟ.

ವೆಲ್ಲೂರಿಗೆ ನಮ್ಮ ಕಡೆಯಿಂದ ಎಷ್ಟೋ ಜನ ಹೋಗುತ್ತಾರಲ್ವಾ, ಆ ಆಸ್ಪತ್ರೆ ಶುರು ಮಾಡಿದ ಐಡಾ ಸ್ಕಡರ್ ಮಿಷನರಿ ಮನೆತನದ ಹುಡುಗಿ. ಇಂಡಿಯಾದಲ್ಲಿ ಇರುವುದೇ ಬೇಡ ಅಂದುಕೊಂಡಿದ್ದವಳು. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಬಂದು ಹೆರಿಗೆ ಕಷ್ಟದಲ್ಲಿರುವ ಹೆಂಡತಿಯರಿಗೆ ಸಹಾಯ ಕೇಳಿದರು. ಇವಳು ಡಾಕ್ಟರ್ ಅಲ್ಲ, ಡಾಕ್ಟರಾಗಿದ್ದ ತಂದೆಯನ್ನು ಅವರು ಒಳಗೆ ಬಿಡುವುದಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಅವಳೂ ಆ ರಾತ್ರಿ ಪ್ರಾರ್ಥನೆ ಮಾಡಿದಳು. ಆದರೆ ಆಮೇಲೆ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿದಳು. 1900ರಲ್ಲಿ ವಾಪಸ್ ಬಂದಳು. 1918ರಲ್ಲಿ ಹೆಣ್ಣುಮಕ್ಕಳಿಗೇ ವೈದ್ಯಕೀಯ ಶಾಲೆ ತೆಗೆದಳು.

ಕಾರ್ಯದರ್ಶಿ ಅಣ್ಣಾ, ನನ್ನದು ಒಂದೇ ಪ್ರಶ್ನೆ. ಆ ಹನ್ನೊಂದು ಪಕ್ಕಾಸಿನ ಕೆಳಗೆ ಭಾನುವಾರ ಯಾರು ಕೂರುತ್ತಾರೆ?

ಕರಾವಳಿ ಕಾರ್ಯದರ್ಶಿ · ಏಪ್ರಿಲ್ 10

ಭಾನುವಾರ ಶಾಲೆಯ ಮಕ್ಕಳು. ಬೆಂಚು ಸಾಲದೆ ಚಾಪೆ ಹಾಕಿ ಅಲ್ಲೇ ಕೂರಿಸುತ್ತೇವೆ.

ಇದನ್ನು ಬರೆಯುವ ತನಕ ನನಗೇ ಹೊಳೆದಿರಲಿಲ್ಲ ಅಕ್ಕಾ. ಆರು ಲಕ್ಷದ ಲೆಕ್ಕದಲ್ಲೇ ಇದ್ದೆ.

ಹೊಸಪೇಟೆ ಸಹೋದರ · ಏಪ್ರಿಲ್ 11

ಸಹೋದರಿ, ಇನ್ಸುಲಿನ್ ನಿಲ್ಲಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಿಮ್ಮ ಅತ್ತೆಯ ವಿಷಯ ಓದಿ ಬೇಜಾರಾಯಿತು. ಮಕ್ಕಳನ್ನು ಇವತ್ತೇ ಅಲ್ಲಿಂದ ಎಬ್ಬಿಸಿ, ಅದಕ್ಕೆ 21 ದಿನ ಬೇಡ.

ಆದರೂ ಒಂದು ಹೇಳುತ್ತೇನೆ. ಕೆಲವರಿಗೆ ಪ್ರಾರ್ಥನೆ ಅಂದರೆ ಡಾಕ್ಟರ್ ಬರುವ ತನಕ ಕೂರುವ ಬೆಂಚು. ಎಲ್ಲಾ ನಾವೇ ಮಾಡಿ ಮುಗಿಸಿ, ಕೊನೆಗೆ ದೇವರ ಹತ್ತಿರ ರಿಬ್ಬನ್ ಕತ್ತರಿಸಲು ಹೋಗುತ್ತೇವೆ. ಅದಕ್ಕೂ ನಂಬಿಕೆ ಅನ್ನಬೇಡಿ.

ಕಂಕನಾಡಿ ಕಥೋಲಿಕಳು · ಏಪ್ರಿಲ್ 11

ಪ್ರೊಟೆಸ್ಟಂಟರ ಜಗಳದಲ್ಲಿ ನಾನು ಮೂಗು ತೂರಿಸಬಹುದಾ? ನಮ್ಮ ಇಗರ್ಜಿಯಲ್ಲೂ ಇದೇ ಕಥೆ, ಏನೂ ವ್ಯತ್ಯಾಸ ಇಲ್ಲ.

ಮುಲ್ಲರ್ ಅಂದ ಕೂಡಲೇ ನಾನು ನಮ್ಮ ಫಾದರ್ ಮುಲ್ಲರ್ ಅಂದುಕೊಂಡೆ. ಅವರು ಬೇರೆ. ಆಗಸ್ಟಸ್ ಮುಲ್ಲರ್, ಯೇಸುಸಭೆಯ ಗುರು, 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದವರು. ಅದೇ ಇವತ್ತಿನ ದೊಡ್ಡ ಆಸ್ಪತ್ರೆ. ಬ್ರಿಸ್ಟಲ್ ಮುಲ್ಲರ್ ಬಗ್ಗೆ ಹೊಸಪೇಟೆಯವರು ಅರ್ಧ ಹೇಳಿ ಬಿಟ್ಟರು. ಅವರು ಕೈ ಚಾಚಲಿಲ್ಲ, ನಿಜ. ಆದರೆ ಬಂದ ಪ್ರತಿ ಕಾಣಿಕೆಯ ಲೆಕ್ಕ ಇಟ್ಟು ವರ್ಷ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಅದನ್ನು ಓದಿದವರು ಕೊಟ್ಟಿರಲಿಕ್ಕೂ ಸಾಕು. ಹಾಗೆ ಅನ್ನುವವರು ಅವರ ಕಾಲದಲ್ಲೇ ಇದ್ದರು. ಅದರಿಂದ ಅವರ ನಂಬಿಕೆ ಚಿಕ್ಕದಾಗುವುದಿಲ್ಲ. ಅಷ್ಟು ಮಕ್ಕಳಿಗೆ ಪ್ರತಿದಿನ ಗಂಜಿ ಆಗಬೇಕಾದರೆ ಅಡಿಗೆಮನೆಯಲ್ಲಿ ಯಾರೋ ಒಲೆ ಹಚ್ಚಲೇಬೇಕು.

ಇನ್ನೊಂದು. "ಎಲ್ಲಾ ದೇವರ ಕೈಯಲ್ಲಿದೆ ಅನ್ನುವ ಹಾಗೆ ಪ್ರಾರ್ಥಿಸು, ಎಲ್ಲಾ ನಿನ್ನ ಕೈಯಲ್ಲಿದೆ ಅನ್ನುವ ಹಾಗೆ ದುಡಿ" ಅನ್ನುವ ಮಾತನ್ನು ಯಾರಾದರೂ ಈಗ ಬರೆದೇ ಬರೆಯುತ್ತಾರೆ. ಕೆಲವರು ಸಂತ ಅಗಸ್ಟೀನರ ಮಾತು ಅನ್ನುತ್ತಾರೆ, ಕೆಲವರು ಯೇಸುಸಭೆ ಕಟ್ಟಿದ ಸಂತ ಇಗ್ನಾಸಿಯವರದ್ದು. ಅಗಸ್ಟೀನರ ಬರಹದಲ್ಲಿ ಅದು ಸಿಗುವುದಿಲ್ಲ. ನನಗೆ ಆ ಮಾತೇ ಅಷ್ಟು ಹಿಡಿಸುವುದಿಲ್ಲ. ಎಲ್ಲಾ ನನ್ನ ಕೈಯಲ್ಲಿದೆ ಅಂದುಕೊಂಡು ದುಡಿದು ದುಡಿದೇ ನನಗೆ ಬಿಪಿ ಬಂದದ್ದು.

ಬೀದರ್ ಹುಡುಗ · ಏಪ್ರಿಲ್ 12

ನಾನು ಮೆಥಡಿಸ್ಟ್ ಸಭೆಯವನು, ವಯಸ್ಸು 26. ಎಲ್ಲರೂ ಕೆಲಸ ಮಾಡು, ಹೆಜ್ಜೆ ಇಡು ಅಂತಿದ್ದೀರಿ. ನಾನು ಹೆಜ್ಜೆ ಇಟ್ಟು ಬಿದ್ದವನು, ಅದಕ್ಕೆ ಹೇಳ್ತಿದ್ದೇನೆ.

ಎರಡು ವರ್ಷದ ಹಿಂದೆ ಹೊರದೇಶದ ಕೆಲಸಕ್ಕೆ ಒಬ್ಬ ಏಜೆಂಟ್ ಸಿಕ್ಕ. ವಾರದೊಳಗೆ 1,80,000 ಕಟ್ಟಬೇಕು ಅಂದ. ಅಪ್ಪ "ಸ್ವಲ್ಪ ಕಾಯಿ, ವಿಚಾರಿಸೋಣ" ಅಂದರು. ನನ್ನ ಗೆಳೆಯರ ಗುಂಪಿನಲ್ಲಿ ಎಲ್ಲರೂ "ನಂಬಿಕೆಯಿಂದ ಹೆಜ್ಜೆ ಇಡು, ದೇವರು ಬಾಗಿಲು ತೆರೀತಾರೆ" ಅಂದರು. ಯೇಸು ಕರೆದಾಗ ಪೇತ್ರ ನೀರಿನ ಮೇಲೆ ನಡೆಯಲು ದೋಣಿಯಿಂದ ಇಳಿದ ಕಥೆ ಬೇರೆ ಹೇಳಿದರು. ಹಣ ಕಟ್ಟಿದೆ. ಏಜೆಂಟ್ ಫೋನ್ ಸ್ವಿಚ್ ಆಫ್. ನಾನು ಪ್ರಾರ್ಥನೆ ಮಾಡಿದ್ದು ಹಣ ಕಟ್ಟಿದ ಮೇಲೆ! ಅಮ್ಮನ ಸರ ಇನ್ನೂ ಅಡವಿನಲ್ಲಿದೆ.

ಬೈಬಲಿನಲ್ಲಿ ಅರಸ ಸೌಲನು ಯುದ್ಧಕ್ಕೆ ಮೊದಲು ಏಳು ದಿನ ಕಾದ. ಜನ ಚದುರಿಹೋಗ್ತಿದ್ದಾರೆ ಅಂತ ಹೆದರಿ, ಪ್ರವಾದಿ ಸಮುವೇಲನ ದಾರಿ ನೋಡದೆ ತಾನೇ ಯಜ್ಞ ಮಾಡಿದ. ಮುಗಿಸುವಷ್ಟರಲ್ಲಿ ಸಮುವೇಲ ಬಂದೇಬಿಟ್ಟ. ಅಬ್ರಹಾಮನ ಮನೆಯಲ್ಲಿ ಹಾಗರಳ ಕಥೆಯೂ ಅದೇ. ಮಗ ಹುಟ್ಟುತ್ತಾನೆ ಅಂತ ದೇವರು ವಾಗ್ದಾನ ಕೊಟ್ಟಾಗಿತ್ತು, ಆದರೆ ಕಾಯಲಿಕ್ಕೆ ಆಗದೆ ದಾಸಿ ಹಾಗರಳಿಂದ ಮಗನನ್ನು ಪಡೆದರು. ಕಷ್ಟಪಟ್ಟವಳು ಹಾಗರ. ಹಾಗಾಗಿ ಸುಮ್ನೆ ಓಡುವುದೂ ನಂಬಿಕೆ ಅಲ್ಲ. ಕಾರ್ಯದರ್ಶಿ ಸರ್, ಬ್ಯಾಂಕ್ ಸಾಲದ ಕಂತು ಯಾರು ಕಟ್ಟುತ್ತಾರೆ, ಹೇಳಿ.

ಧಾರವಾಡ ಮೇಷ್ಟ್ರು · ಏಪ್ರಿಲ್ 12

ತಮ್ಮಾ, ನಲವತ್ತು ವರ್ಷ ಪಾಠ ಮಾಡಿದವನು ನಾನು. ನಿನ್ನ ಮಾತಿಗೆ ಪೂರ್ತಿ ಮಾರ್ಕ್ಸ್.

ಒಂದು ಕೂಡಿಸುತ್ತೇನೆ. ಪರ್ಷಿಯಾದ ಅರಸನ ಸೇವೆಯಲ್ಲಿದ್ದ ನೆಹೆಮೀಯನು ಯೆರೂಸಲೇಮಿನ ಗೋಡೆ ಬಿದ್ದದ್ದು ಕೇಳಿ ಪ್ರಾರ್ಥನೆ ಶುರು ಮಾಡಿದ್ದು ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ಹತ್ತಿರ ಹತ್ತಿರ ನಾಲ್ಕು ತಿಂಗಳು. ಅರಸ "ಏನು ಬೇಕು" ಅಂತ ಕೇಳಿದಾಗ ಅವನು ನಿಂತ ನಿಲುವಿನಲ್ಲೇ ದೇವರನ್ನು ಬೇಡಿಕೊಂಡು, ಮರುಕ್ಷಣವೇ ಪಟ್ಟಿ ಓದುತ್ತಾನೆ. ಇಷ್ಟು ಸಮಯ ಬೇಕು, ಅಧಿಪತಿಗಳಿಗೆ ಪತ್ರ ಬೇಕು, ಅರಸನ ಕಾಡು ಕಾಯುವ ಆಸಾಫನಿಗೆ ಒಂದು ಪತ್ರ, ಬಾಗಿಲಿನ ತೊಲೆಗಳಿಗೆ ಮರ ಕೊಡಲಿ ಅಂತ. ನೋಡ್ರಿ, ಅಲ್ಲೂ ತೊಲೆ! ಆ ನಾಲ್ಕು ತಿಂಗಳು ಕಣ್ಣೀರಿನ ಜೊತೆ ಮರದ ಲೆಕ್ಕವೂ ನಡೆದಿತ್ತು ಅಂತ ನನ್ನ ಊಹೆ. ಅಷ್ಟು ಕಾದದ್ದಕ್ಕೇ ಗೋಡೆ 52 ದಿನದಲ್ಲಿ ಮುಗಿಯಿತು.

ಹಂಚಿನ ಎಂಜಿನಿಯರ್ · ಏಪ್ರಿಲ್ 13

ಮಂಗಳೂರಿನಿಂದ. ಹಳೇ ಕಟ್ಟಡಗಳ ರಿಪೇರಿಯೇ ನನ್ನ ಕಸುಬು. ವಚನ ಸಾಕಷ್ಟಾಯಿತು, ಈಗ ಮಾಡಿನ ವಿಷಯ ಮಾತಾಡೋಣ.

ಒಂದು ಮಂಗಳೂರು ಹಂಚು ಎರಡು-ಎರಡೂವರೆ ಕೆಜಿ. ಚದರ ಮೀಟರಿಗೆ ಹದಿನೈದರಷ್ಟು ಬೇಕು. ನಿಮ್ಮದು ಸಣ್ಣ ಚರ್ಚೇ ಇರಲಿ, ನಾಲ್ಕು ಸಾವಿರ ಹಂಚು ಅಂತಿಟ್ಟುಕೊಳ್ಳಿ. ತಲೆ ಮೇಲೆ ಹತ್ತು ಟನ್ ಭಾರ. ಮಳೆಗೆ ಹಂಚು ನೀರು ಕುಡಿದರೆ ಇನ್ನೂ ಜಾಸ್ತಿ. ಒರಲೆ ತಿಂದ ಪಕ್ಕಾಸು ಮುರಿಯುವ ಮೊದಲು ಸದ್ದು ಮಾಡುತ್ತದೆ ಅಂತ ನಂಬಬೇಡಿ.

ಇವತ್ತೇ ಮಾಡಬೇಕಾದ್ದು: ಆ ಭಾಗಕ್ಕೆ ಹಗ್ಗ ಕಟ್ಟಿ ಯಾರನ್ನೂ ಬಿಡಬೇಡಿ. ಕೆಟ್ಟ ಪಕ್ಕಾಸುಗಳಿಗೆ ಕೆಳಗಿನಿಂದ ಜಾಕಿ ಕೊಡಿಸಿ, ಬಾಡಿಗೆಗೆ ಸಿಗುತ್ತದೆ, ದೊಡ್ಡ ಖರ್ಚಲ್ಲ. ಒರಲೆ ಎಲ್ಲಿಂದ ಹತ್ತುತ್ತಿದೆ ಅಂತ ಗೋಡೆಯ ಮೇಲಿನ ಮಣ್ಣಿನ ಗೆರೆ ಹಿಡಿದು ಹುಡುಕಿ. ಅದನ್ನು ಬಿಟ್ಟು ಮರ ಬದಲಿಸಿದರೆ ಹೊಸ ಮರವೂ ಅದರ ಊಟವೇ. ಇಡೀ ಮಾಡನ್ನು ಒಂದೇ ಸಲ ಬಿಚ್ಚಬೇಕಾಗಿಲ್ಲ. ಅರ್ಧ ಈ ವರ್ಷ, ಅರ್ಧ ಮಳೆ ಮುಗಿದ ಮೇಲೆ. ಹಳೇ ಹಂಚು ಇಳಿಸಿ, ಬೆರಳಿನಿಂದ ತಟ್ಟಿ ನೋಡಿ, ಗಟ್ಟಿ ಸದ್ದು ಬಂದದ್ದನ್ನು ತೊಳೆದು ಮತ್ತೆ ಹೊದಿಸಿ. ಆರು ಲಕ್ಷ ಆಗುವುದಿಲ್ಲ.

ಒಂದೇ ಒಂದು ವಚನ ನನ್ನದೂ ಇರಲಿ. ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಕೈಪಿಡಿಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ನಿನ್ನ ಮನೆಗೆ ಬರಬಾರದು ಅಂತ. ದೇವರು ಕಾಯುತ್ತಾರೆ, ಗೋಡೆ ಬೇಡ ಅನ್ನಬಹುದಿತ್ತಲ್ವಾ? ಅನ್ನಲಿಲ್ಲ.

ಮತ್ತೆ, ನಿಮ್ಮ ತಲೆ ಮೇಲಿನ ಹಂಚಿಗೇ ಒಂದು ಕಥೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಮನೆಯವರು ಹೊರಹಾಕಿದರು. ಜಾತಿಯ ಕಸುಬು ಹೋಯಿತು, ಗೇಣಿ ಭೂಮಿ ಹೋಯಿತು. ಅವರಿಗೆ "ದೇವರು ಒದಗಿಸುತ್ತಾರೆ" ಅಂತ ಹೇಳಿ ಕೂರಿಸಲಿಲ್ಲ. ನೇಯ್ಗೆ ಕಲಿಸಿದರು, ಅಚ್ಚುಕೂಟ ಇಟ್ಟರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು, ಒಳನಾಡಿನ ಸೌದೆ. ನನ್ನ ಮುತ್ತಜ್ಜ ಅಲ್ಲಿ ಗೂಡಿಗೆ ಬೆಂಕಿ ಹಾಕುತ್ತಿದ್ದವರು. ಕೆಲಸಕ್ಕೆ ಮೊದಲು ಪ್ರಾರ್ಥನೆ ಇರುತ್ತಿತ್ತಂತೆ. ಹಾಗಂತ ಎಲ್ಲಾ ಚಂದ ಇತ್ತು ಅಂತಲ್ಲ. ಮಿಷನ್ನೇ ಧಣಿ ಆದಾಗ ಗಂಟೆ ತಪ್ಪಿದರೆ ಸಂಬಳ ಕಡಿತ, ಚರ್ಚಿಗೆ ತಪ್ಪಿದರೆ ಪ್ರಶ್ನೆ. ಆ ಕಥೆಗಳೂ ನಮ್ಮ ಮನೆಯಲ್ಲಿವೆ.

ಕಂಕನಾಡಿ ಕಥೋಲಿಕಳು · ಏಪ್ರಿಲ್ 13

ಎಂಜಿನಿಯರ್ ಸರ್, ನಮ್ಮ ಇಗರ್ಜಿಗೂ ಒಮ್ಮೆ ಬನ್ನಿ. ಬಾಡೂಟ ನಮ್ಮದು.

ಕರಾವಳಿ ಕಾರ್ಯದರ್ಶಿ · ಏಪ್ರಿಲ್ 28

ತಡವಾಯಿತು, ಕ್ಷಮಿಸಿ. ಹಗ್ಗ ಕಟ್ಟಿದ್ದೇವೆ. ಜಾಕಿ ಕೊಟ್ಟಾಗಿದೆ. ಮಕ್ಕಳು ಈಗ ಪಾದ್ರಿ ಅಯ್ಯನವರ ಮನೆಯ ಚಾವಡಿಯಲ್ಲಿ.

ನಿಜವಾದ ವಿಷಯ ಬೇರೆ. ನರ್ಸ್ ಅಕ್ಕನ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇತ್ತು. ಒಂದು ಸಂಜೆ ದೊಡ್ಡಪ್ಪನ ಮನೆಗೆ ಹೋದೆ. ವಾದ ಮಾಡಬೇಕು ಅಂತಲೇ ಹೋದದ್ದು, ವಚನ ಎಲ್ಲಾ ಚೀಟಿಯಲ್ಲಿ ಬರೆದುಕೊಂಡು. ಅವರು ಚಾ ಮಾಡಿಸಿದರು. ಚೀಟಿ ತೆಗೆಯುವ ಮೊದಲೇ ಅವರು ಬೇರೆ ಕಥೆ ಶುರು ಮಾಡಿದರು.

ಅವರು ಹುಡುಗನಾಗಿದ್ದಾಗ ಇದೇ ಚರ್ಚಿನ ಹಿಂದಿನ ಗೋಡೆ ಬಿದ್ದಿತ್ತಂತೆ. ಆಗಿನ ಕಮಿಟಿ ಸಾಲ ಮಾಡಿ ಕಟ್ಟಿಸಿತು. ಹಣ ನೋಡಿಕೊಳ್ಳುತ್ತಿದ್ದವರು ಅರ್ಧದಲ್ಲೇ ಊರು ಬಿಟ್ಟರು. ಸಾಲಗಾರರು ಮನೆ ಮನೆಗೆ ಬರತೊಡಗಿದರು. ದೊಡ್ಡಪ್ಪನ ಅಮ್ಮ ಎರಡು ಬಳೆ ಬಿಚ್ಚಿ ಕೊಟ್ಟರು. ಅವು ಮತ್ತೆ ಬರಲಿಲ್ಲ. "ನನ್ನ ಮದುವೆಯ ದಿನ ಅಮ್ಮ ಖಾಲಿ ಕೈಯಲ್ಲಿ ನಿಂತಿದ್ದರು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಹೆದರಿಕೆ ಅಂತ ಹೇಳಿದರೆ ಮೀಟಿಂಗ್‌ನಲ್ಲಿ ನಗುತ್ತಾರೆ ಮಗಾ. ನಂಬಿಕೆ ಅಂತ ಹೇಳಿದರೆ ಯಾರೂ ತಿರುಗಿ ಮಾತಾಡುವುದಿಲ್ಲ."

ನಾನೇನು ಹೇಳಲಿ? ನನ್ನದೂ ಪೂರ್ತಿ ಶುದ್ಧ ಅಲ್ಲ. ನನ್ನ ಅವಧಿ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ. ರಿಪೇರಿ ಮುಗಿದರೆ ಗೋಡೆಗೆ ಒಂದು ಕಲ್ಲು ಹಾಕುತ್ತಾರೆ, ಅದರಲ್ಲಿ ಕಾರ್ಯದರ್ಶಿಯ ಹೆಸರು ಇರುತ್ತದೆ. ಸಾಲಕ್ಕೆ ಅಷ್ಟು ಅವಸರ ಯಾಕಿತ್ತು ಅಂತ ನನಗೂ ಒಳಗೊಳಗೇ ಗೊತ್ತಿತ್ತು. ಅವರು ಹೆದರಿಕೆಗೆ ನಂಬಿಕೆ ಅಂದರು, ನಾನು ಹೆಸರಿನ ಆಸೆಗೆ ಜವಾಬ್ದಾರಿ ಅಂದೆ. ಚೀಟಿ ಜೇಬಿನಲ್ಲೇ ಉಳಿಯಿತು.

ಈಗ ಆದ ತೀರ್ಮಾನ: ಸಾಲ ಇಲ್ಲ. ಮೇಷ್ಟ್ರು ಹೇಳಿದ ಯೆಹೋಯಾದನ ಪೆಟ್ಟಿಗೆ ಇಟ್ಟಿದ್ದೇವೆ, ದೊಡ್ಡಪ್ಪನೇ ತೂತು ಕೊರೆದರು. ಎಣಿಸುವವರು ಮೂವರು, ಪ್ರತಿ ಭಾನುವಾರ ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಕೆಟ್ಟ ಅರ್ಧ ಮಳೆಗೆ ಮೊದಲು. ಸರಪಳಿ ಪ್ರಾರ್ಥನೆಯೂ ನಿಂತಿಲ್ಲ, ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಡೆಯುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಬಂದವರೆಲ್ಲಾ ಒಂದು ಗಂಟೆ ಹಂಚು ಇಳಿಸಿ ಹೋಗಬೇಕು. ಇದು ಮಹಿಳಾ ಕೂಟದವರ ಷರತ್ತು.

ಹೊಸಪೇಟೆ ಸಹೋದರ · ಏಪ್ರಿಲ್ 28

ಸ್ತೋತ್ರ! ಓದಿ ಕಣ್ಣು ತುಂಬಿತು. ನಮ್ಮ ಉಪವಾಸ ಪ್ರಾರ್ಥನೆಯಲ್ಲಿ ನಿಮ್ಮ ಸಭೆಯನ್ನು ನೆನೆಯುತ್ತೇವೆ. ಬ್ಯಾಂಕಿಗೆ ಓಡುತ್ತೀರಿ ಅಂತ ನಾನು ಚುಚ್ಚಿದ್ದೆ, ಅದು ಸ್ವಲ್ಪ ಜಾಸ್ತಿಯಾಯಿತು. ಪೆಟ್ಟಿಗೆಗೆ ನನ್ನದೂ ಒಂದು ಪಾಲು ಹೇಗೆ ಕಳಿಸಲಿ?

ಬೀದರ್ ಹುಡುಗ · ಏಪ್ರಿಲ್ 29

ಹೆದರಿಕೆಗೆ ನಂಬಿಕೆ ಅನ್ನೋದು. ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಏಜೆಂಟ್ ವಿಷಯ ಆದ ಮೇಲೆ ನಾನು ಒಂದೇ ಒಂದು ಅರ್ಜಿ ಹಾಕಿಲ್ಲ. ಕೇಳಿದವರಿಗೆಲ್ಲಾ "ದೇವರ ಸಮಯಕ್ಕೆ ಕಾಯ್ತಿದ್ದೇನೆ" ಅಂತಿದ್ದೆ.

ಶಿವಮೊಗ್ಗದ ನರ್ಸ್, ಈಗ ಕುವೈತ್ · ಏಪ್ರಿಲ್ 29

ಬೀದರ್ ತಮ್ಮಾ, ಹೆದರಿಕೆ ತಪ್ಪಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ಒಬ್ಬರ ಪ್ರಾಣವೂ ಹೋಗುವುದಿಲ್ಲ ಅಂತ ದೇವರು ಮಾತು ಕೊಟ್ಟಿದ್ದರು. ಆದರೂ ನಾವಿಕರು ಚಿಕ್ಕ ದೋಣಿಯಲ್ಲಿ ತಪ್ಪಿಸಿಕೊಳ್ಳಲು ನೋಡಿದಾಗ ಪೌಲ ಏನಂದ? ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯುವುದಿಲ್ಲ ಅಂದ. ಆಮೇಲೆ ಎಲ್ಲರಿಗೂ ಊಟ ಮಾಡಿ ಅಂದ. ಹಡಗಿನಲ್ಲಿ 276 ಜನ. ಕೆಲವರು ಈಜಿ, ಕೆಲವರು ಹಲಗೆ ಹಿಡಿದು ದಡ ಸೇರಿದರು. ಮೈ ಒದ್ದೆಯಾಗದೆ ಯಾರೂ ಬರಲಿಲ್ಲ. ಅಪ್ಪನನ್ನು ಪಕ್ಕ ಕೂರಿಸಿಕೊಂಡು ಈ ವಾರ ಒಂದು ಅರ್ಜಿ ಹಾಕು. ಏಜೆಂಟ್ ಬೇಡ. ಬಯೋಡೇಟಾ ಬೇಕಾದರೆ ನಾನು ತಿದ್ದಿ ಕೊಡುತ್ತೇನೆ.

ಕರಾವಳಿ ಕಾರ್ಯದರ್ಶಿ · ಜೂನ್ 14

ಮಳೆ ಹಿಡಿಯಿತು. ಕೆಟ್ಟ ಅರ್ಧ ಮುಗಿದಿದೆ, ಮಳೆಗೆ ಎರಡು ದಿನ ಮೊದಲು. ಪೆಟ್ಟಿಗೆಯಲ್ಲಿ ಇದುವರೆಗೆ 2,11,350. ಇನ್ನೂ ಆಚಾರಿಗೆ ಕೊಡಬೇಕಾದ್ದು ಬಾಕಿ ಇದೆ. ಅವರು ಕೇಳುತ್ತಿಲ್ಲ, ಅದೇ ನಮಗೆ ಮುಜುಗರ. ಚರ್ಚಿನ ಬೆಳೆ ಹಬ್ಬದ ಏಲಂ (ಹರಾಜು) ತನಕ ಕಾಯುವುದು ಬೇಡ, ಮುಂದಿನ ತಿಂಗಳೇ ಕೊಟ್ಟುಬಿಡಬೇಕು.

ದೊಡ್ಡಪ್ಪ ತಮ್ಮ ಹಿತ್ತಿಲಿನ ಹಲಸಿನ ಮರ ಕಡಿಸಿ ಕೊಟ್ಟರು. ಇನ್ನರ್ಧಕ್ಕೆ ಅದೇ ಪಕ್ಕಾಸು ಆಗಲಿ ಅಂತ. ಎಂಜಿನಿಯರ್ ಸರ್, ಅದನ್ನು ಈಗಲೇ ಹಾಕಬಹುದಾ?

ಹಂಚಿನ ಎಂಜಿನಿಯರ್ · ಜೂನ್ 14

ಖಂಡಿತ ಬೇಡ. ಹಸಿ ಮರ ಹಾಕಿದರೆ ಒಣಗುವಾಗ ತಿರುಚುತ್ತದೆ, ಹಂಚು ಬಾಯಿ ಬಿಡುತ್ತದೆ. ಸೀಳಿಸಿ, ನಡುವೆ ಪಟ್ಟಿ ಕೊಟ್ಟು, ನೆಲಕ್ಕೆ ತಾಗದ ಹಾಗೆ ಅಟ್ಟಿ ಹಾಕಿ. ಮೇಲೆ ಮಾತ್ರ ಟಾರ್ಪಾಲು, ಪಕ್ಕದಿಂದ ಗಾಳಿ ಆಡಬೇಕು. ಜನವರಿ ತನಕ ಮುಟ್ಟಬೇಡಿ.

ಕರಾವಳಿ ಕಾರ್ಯದರ್ಶಿ · ಜೂನ್ 15

ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. "ನೋಡಿದೆಯಾ, ಕೊನೆಗೂ ಕಾಯಲಿಕ್ಕೇ ಹೇಳಿದರು" ಅಂತ ನಕ್ಕರು. ಈಗ ದಿನಾ ಸಂಜೆ ಕೊಡೆ ಹಿಡಿದು ಬಂದು ಟಾರ್ಪಾಲು ಸರಿ ಮಾಡಿ ಹೋಗುತ್ತಾರೆ.

ಹಳೇ ಅರ್ಧದಲ್ಲಿ ಸೋರುವುದು ನಿಂತಿಲ್ಲ. ನಿನ್ನೆ ಆರಾಧನೆಗೆ ಎರಡು ಬಕೆಟ್ ಇಟ್ಟಿದ್ದೆವು. ಸಾಕಾಗಲಿಲ್ಲ. ಮುಂದಿನ ವಾರಕ್ಕೆ ಮೂರನೆಯದು ತರಲು ಹೇಳಿದ್ದೇನೆ.